ಕೆಂಚವೀರಪ್ಪನವರ ಬಿಸಿ ಹ್ಯಾಂಡಲ್

ದಾವಣಗೆರೆಯಲ್ಲಿ ಚಳಿ ಎನ್ನುವುದು ಇಲ್ಲವೇ ಇಲ್ಲ, ಅದು ಸ್ವೆಟರ್ ಮಾರುವವರು ಹಬ್ಬಿಸಿದ ಸುಳ್ಳು ಎಂದು ಇಪ್ಪತ್ತೆರಡು ವರ್ಷ ಬಿಡದೆ ಸಾರಿದವರು ದೇವರಾಜ ಅರಸು ಬಡಾವಣೆಯ ಕೆಂಚವೀರಪ್ಪನವರು. ಬರೀ ಬಾಯಲ್ಲಿ ಸಾರಿದ್ದರೆ ಯಾರೂ ತಲೆಗೆ ಹಚ್ಚಿಕೊಳ್ಳುತ್ತಿರಲಿಲ್ಲ. ಅವರು ಮಾಡಿ ತೋರಿಸುತ್ತಿದ್ದರು. ಹರಿಹರದ ಕಾರ್ಖಾನೆಯೊಂದರಲ್ಲಿ ಅವರು ಫೋರ್‌ಮನ್. ಮೊದಲ ಪಾಳಿ ಬೆಳಿಗ್ಗೆ ಆರಕ್ಕೆ. ದೀಪಾವಳಿ ಕಳೆಯಿತೆಂದರೆ ಊರಿಗೆ ಊರೇ ಮಂಕಿ ಕ್ಯಾಪಿನೊಳಗೆ ತಲೆ ತೂರಿಸುವ ಹೊತ್ತಿಗೆ, ಇವರು ಅರ್ಧ ತೋಳಿನ ಅಂಗಿ ತೊಟ್ಟು, ಮೇಲಿನ ಎರಡು ಗುಂಡಿ ಬಿಚ್ಚಿ, ಕಪ್ಪು ಯೆಜ್ಡಿ ಬೈಕ್ ಏರಿ ಹದಿನಾಲ್ಕು ಕಿಲೋಮೀಟರು ಹೊಡೆದುಕೊಂಡು ಹೋಗುತ್ತಿದ್ದರು. ದಾರಿಯಲ್ಲಿ ಕಂಪನಿ ಬಸ್ಸು ಸಿಕ್ಕರೆ ಅದರ ಪಕ್ಕಕ್ಕೇ ಗಾಡಿ ತಂದು, ಕಿಟಕಿಯ ಒಳಗಿನ ಮಫ್ಲರುಗಳ ಕಡೆ ನೋಡಿ ಕೂಗುತ್ತಿದ್ದರು.

"ಏನ್ರಪ್ಪಾ ಬಾಣಂತೇರೆ! ಕಿವಿಗೆ ಹತ್ತಿ ಇಟ್ಕೊಂಡೀರೋ ಇಲ್ಲೋ?"

ಬಸ್ಸಿನವರು ಇದನ್ನು ಇಪ್ಪತ್ತೆರಡು ಚಳಿಗಾಲ ಕೇಳಿದ್ದರು. ಒಂದು ಸಲದ್ದನ್ನೂ ಮರೆತಿರಲಿಲ್ಲ.

ತೊಂಬತ್ತೆಂಟರ ಡಿಸೆಂಬರಿನಲ್ಲಿ, ಕೆಂಚವೀರಪ್ಪನವರಿಗೆ ಐವತ್ತು ತುಂಬಲು ಎರಡು ತಿಂಗಳಿರುವಾಗ, ಹೊಳೆ ಕಡೆಯಿಂದ ಬೀಸುವ ಹರಿಹರದ ಗಾಳಿ ಅವರ ಎದೆಯನ್ನು ಬಿಟ್ಟು ಬೆರಳುಗಳನ್ನು ಹಿಡಿಯಿತು. ಎದೆ ಹೇಳಿದ ಮಾತು ಕೇಳುತ್ತಿತ್ತು, ಬೆರಳು ಕೇಳಲಿಲ್ಲ. ಕಾರ್ಖಾನೆಯ ಗೇಟಿನಲ್ಲಿ ಕ್ಲಚ್ ಹಿಡಿಯಲು ಹೋದರೆ ಎಡಗೈ ಮರಗಟ್ಟಿತ್ತು. ಬ್ರೇಕ್ ಹಿಡಿಯಲು ಹೋದರೆ ಬಲಗೈ ಅದಕ್ಕಿಂತ ಕಡೆ. ಗಾಡಿ ತನ್ನ ಪಾಡಿಗೆ ತಾನು ಸೈಕಲ್ ಸ್ಟ್ಯಾಂಡಿಗೆ ನುಗ್ಗಿತು. ಮೊದಲ ಸೈಕಲ್ಲು ಎರಡನೆಯದರ ಮೇಲೆ ಬಿತ್ತು, ಎರಡನೆಯದು ಮೂರನೆಯದರ ಮೇಲೆ. ಹೀಗೆ ನಲವತ್ತೊಂದು ಸೈಕಲ್ಲುಗಳು ಯಾವ ಅವಸರವೂ ಇಲ್ಲದೆ ಸಾಲಾಗಿ ಮಲಗಿದವು. ಕೊನೆಯದು ಮಲಗುವ ಹೊತ್ತಿಗೆ ಕಂಪನಿ ಬಸ್ಸು ಬಂದು ನಿಂತಿತ್ತು.

"ಕ್ಲಚ್ ವೈರ್ ಬಿಗಿ ಆಗೈತೆ," ಎಂದರು ಕೆಂಚವೀರಪ್ಪನವರು, ಎರಡೂ ಕೈಗಳನ್ನು ಕಂಕುಳಲ್ಲಿ ಇಟ್ಟುಕೊಂಡೇ.

"ವೈರಾ ಸಾರ್? ನನಗೆ ಬೆರಳು ಬಿಗಿ ಆದಂಗೆ ಕಾಣ್ತಾವಲ್ರಿ," ಎಂದ ಹಾಜರಿ ನೋಡುವ ಟೈಮ್ ಆಫೀಸಿನ ನಾಗಭೂಷಣ್, ಮಂಕಿ ಕ್ಯಾಪಿನ ಸಂದಿಯಿಂದ.

ನಾಗಭೂಷಣನ ಮನೆ ಕೆಂಚವೀರಪ್ಪನವರ ಹಿಂದಿನ ಬೀದಿಯಲ್ಲಿ. ಆದ್ದರಿಂದ ಪಾಳಿ ಮುಗಿಸಿ ಮಧ್ಯಾಹ್ನ ಇವರು ಮನೆ ಮುಟ್ಟುವ ಮೊದಲೇ ನಲವತ್ತೊಂದು ಸೈಕಲ್ಲುಗಳು ಮನೆ ಮುಟ್ಟಿದ್ದವು. ಹೆಂಡತಿ ನಿರ್ಮಲಮ್ಮ ಬಾಗಿಲಲ್ಲೇ ನಿಂತಿದ್ದರು. ಅವರ ಪಕ್ಕದಲ್ಲಿ ಅವರ ತಮ್ಮ ಮಾಲತೇಶಪ್ಪ. ಈತನಿಗೆ ಕೆ.ಬಿ. ಬಡಾವಣೆಯಲ್ಲಿ ಬಟ್ಟೆ ಅಂಗಡಿ, ಭಾವನ ಯೆಜ್ಡಿಯ ಮೇಲೆ ಹತ್ತು ವರ್ಷದಿಂದ ಕಣ್ಣು. ಬಂದಾಗಲೆಲ್ಲ ಅದರ ಟ್ಯಾಂಕನ್ನು ಕರು ಸವರಿದ ಹಾಗೆ ಸವರಿ ಹೋಗುತ್ತಿದ್ದ.

"ವಯಸ್ಸಾತು ಭಾವ. ಒಪ್ಕೋರಿ. ಗಾಡಿ ಅಂದ್ರ ಕೈಯಾಗೆ ಹಿಡಿತ ಇರಬೇಕು," ಎಂದ ಮಾಲತೇಶಪ್ಪ.

"ನಂಗೇನು ವಯಸ್ಸು? ಕ್ಲಚ್ ವೈರಿಗೆ ವಯಸ್ಸಾಗಿತ್ತು!"

ನಿರ್ಮಲಮ್ಮ ತೀರ್ಪು ಕೊಟ್ಟರು. "ನೋಡ್ರಿ, ಇನ್ನೊಂದು ಸಲ ನಿಮ್ಮ ಕೈಕಾಲಿಗೆ ಏನಾರ ಆತು ಅಂತ ಕಿವಿಗೆ ಬಿತ್ತೋ, ಗಾಡಿ ನನ್ನ ತಮ್ಮಗೆ. ನೀವು ಬಸ್ಸಿಗೆ."

ಬಸ್ಸಿಗೆ! ಇಪ್ಪತ್ತೆರಡು ವರ್ಷ ಬಾಣಂತಿಯರೆಂದು ಕರೆದವರ ನಡುವೆ ಹೋಗಿ ಕೂರುವುದೆಂದರೇನು ಎಂಬುದನ್ನು ಕೆಂಚವೀರಪ್ಪನವರು ಊಟ ಮಾಡುತ್ತಾ ಒಮ್ಮೆ ಊಹಿಸಿಕೊಂಡರು, ಎರಡನೆಯ ರೊಟ್ಟಿಯನ್ನು ಹಾಗೇ ಬಿಟ್ಟು ಎದ್ದರು. ಕೈಗವಸು ಹಾಕಿಕೊಂಡರೆ ಆಯಿತಲ್ಲ ಎಂದು ನೀವು ಕೇಳಬಹುದು. ಕೈಗವಸು ಹಾಕಿದ ಕೈ ಚಳಿ ಇದೆ ಎಂದು ಒಪ್ಪಿಕೊಂಡ ಕೈ. ಅದನ್ನು ಬಸ್ಸಿನ ಐವತ್ತು ಜನ ನೋಡುತ್ತಾರೆ.

ದಾರಿ ತೋರಿಸಿದ್ದು ಒಂದು ಫೋಟೋ. ಹಿಂದಿನ ವರ್ಷ ಕಾರ್ಖಾನೆಗೆ ಹೊಸ ಮಷೀನು ಕೂರಿಸಲು ಬಂದಿದ್ದ ಜರ್ಮನಿಯ ಇಂಜಿನಿಯರ್ ತನ್ನ ಮೋಟಾರ್ ಸೈಕಲ್ಲಿನ ಫೋಟೋ ತೋರಿಸಿ, ಅದರ ಹ್ಯಾಂಡಲ್ ಗ್ರಿಪ್ಪುಗಳು ಕರೆಂಟಿನಿಂದ ಬೆಚ್ಚಗಾಗುತ್ತವೆ, ಹಿಮದಲ್ಲೂ ಓಡಿಸಬಹುದು ಎಂದು ಹೇಳಿದ್ದ. ಆಗ ಕೆಂಚವೀರಪ್ಪನವರು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಈಗ ಸಂಜೆ ಹೊತ್ತಿಗೆ, ಯಾರೂ ನೋಡದ ಹಾಗೆ, ಆನೆಕೊಂಡದ ಆಟೋ ಎಲೆಕ್ಟ್ರಿಷಿಯನ್ ಶಬ್ಬೀರನ ಅಂಗಡಿ ಮುಂದೆ ಗಾಡಿ ನಿಲ್ಲಿಸಿದರು.

ಶಬ್ಬೀರ್ ಎಲ್ಲವನ್ನೂ ಕೇಳಿಸಿಕೊಂಡು, ಬಾಯಲ್ಲಿದ್ದ ಸ್ಕ್ರೂವನ್ನು ಕೈಗೆ ಉಗಿದುಕೊಂಡ.

"ಹ್ಯಾಂಡಲ್ ಬಿಸಿ ಆಗಬೇಕಾ ಸಾರ್? ಯಾಕ್ರಿ, ರೊಟ್ಟಿ ಸುಡ್ತೀರಾ?"

"ಕಬ್ಬಿಣ ತಣ್ಣಗಿದ್ರೆ ಗಾಡಿಗೆ ಒಳ್ಳೇದಲ್ಲ ಅಂತ ಜರ್ಮನಿಯೋರು ಹೇಳ್ಯಾರೆ."

"ಗಾಡಿಗಾ, ನಿಮಗಾ?"

"ಗಾಡಿಗೆ!"

ಶಬ್ಬೀರ್ ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದ. ಅವನಿಗೆ ಆಗುವುದಿಲ್ಲ ಎನ್ನುವ ಮಾತು ಬರುತ್ತಿರಲಿಲ್ಲ. ಹಳೆಯ ಇಸ್ತ್ರಿ ಪೆಟ್ಟಿಗೆಯೊಂದರ ಕಾಯಿಲ್ ತಂತಿ ಬಿಚ್ಚಿ, ಹ್ಯಾಂಡಲಿನ ಕೊಳವೆಗೆ ಕರೆಂಟ್ ತಾಗದಂತೆ ಅಭ್ರಕದ ಹಾಳೆ ಸುತ್ತಿ, ಅದರ ಮೇಲೆ ತಂತಿ ಸುತ್ತಿ, ಮೇಲೆ ದಪ್ಪ ರಬ್ಬರ್ ಗ್ರಿಪ್ ಏರಿಸಿದ. ಎಕ್ಸಿಲರೇಟರ್ ಕಡೆಯ ಗ್ರಿಪ್ ತಿರುಗಬೇಕಲ್ಲ, ಅಲ್ಲಿ ತಂತಿಯನ್ನು ಒಂದು ಸುರುಳಿ ಸಡಿಲ ಬಿಟ್ಟ. ಟ್ಯಾಂಕಿನ ಕೆಳಗೆ ಯಾರ ಕಣ್ಣಿಗೂ ಬೀಳದಂತೆ ಒಂದು ಸ್ವಿಚ್ ಕೂರಿಸಿದ.

"ಕಮ್ಮಿ, ಜಾಸ್ತಿ ಅಂತ ಇಲ್ಲ ಸಾರ್. ಇದ್ರೆ ಐತೆ, ಇಲ್ಲಾಂದ್ರೆ ಇಲ್ಲ. ಇದನ್ನ ಹಾಕ್ಕೊಂಡಾಗ ಹಾರನ್ ಸ್ವಲ್ಪ ವೀಕ್ ಆಗ್ತೈತೆ, ಲೈಟೂ ಡಿಮ್ ಆಗ್ತೈತೆ."

"ಯಾರಿಗೂ ಹೇಳಬ್ಯಾಡ ಶಬ್ಬೀರ್."

"ತೋಬಾ ತೋಬಾ! ಇದನ್ನ ನಾನು ಮಾಡೀನಿ ಅಂತ ನೀವು ಹೇಳಬ್ಯಾಡ್ರಿ."

ಮರುದಿನ ಬೆಳಿಗ್ಗೆ ಪಿ.ಬಿ. ರಸ್ತೆಯಲ್ಲಿ ಕೆಂಚವೀರಪ್ಪನವರಷ್ಟು ಸುಖಿ ಇನ್ನೊಬ್ಬರಿರಲಿಲ್ಲ. ಹಾರನ್ ಒತ್ತಿದರೆ ಮುದುಕ ಕೆಮ್ಮಿದ ಹಾಗಾಗುತ್ತಿತ್ತು, ಹೆಡ್‌ಲೈಟಿಗಿಂತ ಚಂದ್ರನೇ ವಾಸಿ. ಸುಟ್ಟ ರಬ್ಬರಿನ ಕಮಟು ವಾಸನೆ ಹರಿಹರದವರೆಗೂ ಜೊತೆಗೆ ಬಂತು. ಆದರೆ ಬೆರಳುಗಳು ಬಿಚ್ಚಿದವು, ಮಡಚಿದವು, ಕ್ಲಚ್ಚು ಬೆಣ್ಣೆಯ ಹಾಗೆ ಹಿಡಿಯಿತು. ಇಷ್ಟಕ್ಕೇ ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಗೆದ್ದ ಮನುಷ್ಯ ಸುಮ್ಮನಿರುವುದುಂಟೇ? ಗೇಟಿನಲ್ಲಿ ಬಸ್ಸು ಇಳಿಯುತ್ತಿದ್ದ ನಾಗಭೂಷಣನ ಕೈಯನ್ನು ಹೋಗಿ ಗಬಕ್ಕನೆ ಹಿಡಿದುಕೊಂಡರು.

"ನೋಡಪ್ಪಾ! ಹದಿನಾಲ್ಕು ಕಿಲೋಮೀಟರ್ ಬರಿಗೈಯಾಗೆ ಬಂದೀನಿ. ಹೆಂಗೈತೆ ಕೈ?"

ನಾಗಭೂಷಣ್ ಕೈ ನೋಡಿದ, ಮುಖ ನೋಡಿದ. ಮಂಕಿ ಕ್ಯಾಪನ್ನು ಹಣೆಯ ಮೇಲೆ ಸರಿಸಿ ಮತ್ತೆ ಕೈ ನೋಡಿದ.

"ಸಾರ್, ಕೆಂಡ ಸುಟ್ಟಂಗೆ ಸುಡ್ತೈತಲ್ರಿ! ಕೆಂಪಗೂ ಆಗೈತೆ. ಇದು ಉಷ್ಣ. ನಮ್ಮ ದೊಡ್ಡಪ್ಪಗೆ ಹಿಂಗೇ ಶುರುವಾಗಿತ್ತು."

"ಆಮ್ಯಾಲೆ ಏನಾತು?"

"ಬ್ಯಾಡ ಬಿಡ್ರಿ ಸಾರ್," ಎಂದು ನಾಗಭೂಷಣ್ ನಿಟ್ಟುಸಿರು ಬಿಟ್ಟ.

ಆ ಮಧ್ಯಾಹ್ನ ಕಂಪನಿ ಬಸ್ಸು ಅರಸು ಬಡಾವಣೆಯಲ್ಲಿ ಜನರ ಜೊತೆ ಉಷ್ಣವನ್ನೂ ಇಳಿಸಿತು. ನಮ್ಮ ಕಡೆ ಉಷ್ಣ ಎಂದರೆ ಡಾಕ್ಟರ ಹತ್ತಿರ ಹೋಗುವ ಕಾಯಿಲೆಯಲ್ಲ. ಅದಕ್ಕೆ ಬೀದಿಯ ಪ್ರತಿ ಮನೆಯಲ್ಲೂ ಒಬ್ಬರು ತಜ್ಞರಿದ್ದಾರೆ. ನಿರ್ಮಲಮ್ಮ ಗಂಡನ ನೆತ್ತಿಗೆ ಅರ್ಧ ಬಟ್ಟಲು ಹರಳೆಣ್ಣೆ ತಟ್ಟಿದರು. ಎದುರು ಮನೆಯ ಖತೀಜಾಬೀ ಸಬ್ಜಾ ಬೀಜ ನೆನೆಸಿದ ಶರಬತ್ತನ್ನು ಒಂದು ಚೊಂಬು ತಂದರು. "ಭಾಯಿಜಾನ್, ಕಣ್ಣು ಮುಚ್ಚಿ ಕುಡೀರಿ. ಕಲೇಜಾ ಠಂಡಾ ಆಗ್ತೈತೆ," ಎಂದರು. ಮಾಲತೇಶಪ್ಪ ಆರು ಎಳನೀರು ತಂದಿಳಿಸಿ, ಹೋಗುವಾಗ ಯೆಜ್ಡಿಯ ಟ್ಯಾಂಕನ್ನು ಸ್ವಲ್ಪ ಹೆಚ್ಚೇ ಹೊತ್ತು ಸವರಿದ.

ಇಲ್ಲಿಂದ ಮುಂದಿನದು ಶುದ್ಧ ಗಣಿತ. ಡಿಸೆಂಬರ್ ತಿಂಗಳ ಬೆಳಿಗ್ಗೆ ನಾಲ್ಕೂವರೆಗೆ ಎಬ್ಬಿಸಿ ಒಂದು ತಂಬಿಗೆ ಎಳನೀರು, ಅದರ ಮೇಲೆ ಮೆಂತ್ಯ ಹಾಕಿದ ಮಜ್ಜಿಗೆ ಕುಡಿಸಿದರೆ ಯಾವ ಮನುಷ್ಯನಾದರೂ ನಡುಗುತ್ತಾನೆ. ಕೆಂಚವೀರಪ್ಪನವರು ಬೀದಿಯ ತಿರುವು ದಾಟುವ ಮೊದಲೇ ಹಲ್ಲು ಕಟಕಟಿಸುತ್ತಾ ಟ್ಯಾಂಕಿನ ಕೆಳಗಿನ ಸ್ವಿಚ್ ಒತ್ತುತ್ತಿದ್ದರು. ಗ್ರಿಪ್ಪನ್ನು ಬಿಗಿಯಾಗಿ ಹಿಡಿದಷ್ಟೂ ಕೈ ಬಿಸಿಯಾಗುತ್ತಿತ್ತು. ಕೈ ಬಿಸಿಯಾದಷ್ಟೂ ಗೇಟಿನಲ್ಲಿ ನಾಗಭೂಷಣ್ ಹಿಡಿದು ನೋಡಿ "ನಿನ್ನೆಗಿಂತ ಜಾಸ್ತಿ" ಎಂದು ವರದಿ ಒಪ್ಪಿಸುತ್ತಿದ್ದ. ವರದಿ ಬಂದ ದಿನ ಮಜ್ಜಿಗೆ ಎರಡು ತಂಬಿಗೆ ಆಗುತ್ತಿತ್ತು. ನಾಲ್ಕನೆಯ ದಿನ ನೆತ್ತಿಗೆ ಲೋಳೆಸರ ಬಂತು. ಐದನೆಯ ದಿನ ತಣ್ಣೀರು ಸ್ನಾನ.

"ಚಳಿ ಆಗ್ತೈತೇನ್ರಿ?" ಎಂದು ನಿರ್ಮಲಮ್ಮ ಬಕೆಟ್ ಇಡುತ್ತಾ ಕೇಳಿದರು.

"ನನಗಾ!" ಎಂದು ಗುಡುಗಿ ಕೆಂಚವೀರಪ್ಪನವರು ಮೊದಲ ಚೊಂಬು ಸುರಿದುಕೊಂಡರು. ಆಮೇಲಿನ ಸದ್ದು ಖತೀಜಾಬೀಯವರ ಮನೆಗೂ ಕೇಳಿಸಿತು.

ಆರನೆಯ ದಿನ ಸ್ವಿಚ್ಚು ಕರಗಿ ಅಂಟಿಕೊಂಡಿತು. ಬೀಗದ ಕೈ ತಿರುಗಿಸಿ ಗಾಡಿ ಚಾಲೂ ಮಾಡಿದರೆ ಸಾಕು, ಬೇಕಿರಲಿ ಬೇಡದಿರಲಿ, ಹ್ಯಾಂಡಲ್ ಕಾಯುತ್ತಿತ್ತು. ಬೆಳಿಗ್ಗೆ ಅದು ವರ. ಮಧ್ಯಾಹ್ನ ಎರಡೂವರೆಗೆ, ಸುಡು ಬಿಸಿಲಿನಲ್ಲಿ ಹರಿಹರದಿಂದ ಮರಳಿ ಬರುವಾಗ ಅದು ಶಿಕ್ಷೆ. ಆನೆಕೊಂಡಕ್ಕೆ ಓಡಿದರೆ ಅಂಗಡಿಗೆ ಬೀಗ. ಶಬ್ಬೀರ್ ತಂಗಿಯ ಮದುವೆಗೆಂದು ಹೊಸಪೇಟೆಗೆ ಹೋದವನು ವಾರ ಬರುವುದಿಲ್ಲ ಎಂದು ಪಕ್ಕದ ಪಂಕ್ಚರ್ ಅಂಗಡಿಯವರು ಹೇಳಿದರು. ಬೇರೆಯವರ ಹತ್ತಿರ ಬಿಚ್ಚಿಸೋಣವೆಂದರೆ ಗುಟ್ಟು ಬಯಲಾಗುತ್ತದೆ. ಕೆಂಚವೀರಪ್ಪನವರು ಹಲ್ಲು ಕಚ್ಚಿ ಅದನ್ನೇ ಓಡಿಸಿದರು.

ಇಲ್ಲಿ ಬಂಗಾರಪ್ಪನವರು ಬರುತ್ತಾರೆ. ಅವರು ಮಲೇರಿಯಾ ಕೆಲಸದ ಆರೋಗ್ಯ ಕಾರ್ಯಕರ್ತರು. ಹದಿನೈದು ದಿನಕ್ಕೊಮ್ಮೆ ಮನೆ ಮನೆಗೆ ಬಂದು, "ಜ್ವರ ಯಾರಿಗಾರ ಬಂದೈತೇನ್ರಿ?" ಎಂದು ಕೇಳಿ, ಇಲ್ಲವೆಂದರೆ ಬಾಗಿಲ ಪಕ್ಕದ ಗೋಡೆಗೆ ತಾರೀಖು ಬರೆದು ಹೋಗುವುದು, ಹೌದೆಂದರೆ ಬೆರಳಿಗೆ ಸೂಜಿ ಚುಚ್ಚಿ ಗಾಜಿನ ಪಟ್ಟಿಯ ಮೇಲೆ ರಕ್ತ ಹಚ್ಚಿಕೊಳ್ಳುವುದು. ತಿಂಗಳಿಗೆ ಇಂತಿಷ್ಟು ರಕ್ತ ತರಲೇಬೇಕೆಂದು ಮೇಲಿನವರ ಹುಕುಂ. ಚಳಿಗಾಲದಲ್ಲಿ ಸೊಳ್ಳೆಗಳು ಕೈಕೊಟ್ಟಿದ್ದವು, ಜನ ಹಠ ಹಿಡಿದವರಂತೆ ಗಟ್ಟಿಮುಟ್ಟಾಗಿದ್ದರು. ಹೀಗಿರುವಾಗ ಬಡಾವಣೆಯಲ್ಲಿ ಒಬ್ಬರ ಕೈ ಕೆಂಡದ ಹಾಗೆ ಸುಡುತ್ತದೆ ಎಂಬ ಸುದ್ದಿ ಕಿವಿಗೆ ಬಿದ್ದರೆ ಬಂಗಾರಪ್ಪನವರು ಸುಮ್ಮನಿರುತ್ತಾರೆಯೇ?

ಎಂಟನೆಯ ದಿನ ಮಧ್ಯಾಹ್ನ ಕೆಂಚವೀರಪ್ಪನವರು ಗಾಡಿ ತಂದು ಮನೆ ಮುಂದೆ ನಿಲ್ಲಿಸಿದಾಗ ಜಗಲಿ ತುಂಬಿತ್ತು. ನಿರ್ಮಲಮ್ಮ, ಮಾಲತೇಶಪ್ಪ, ಚೊಂಬು ಹಿಡಿದ ಖತೀಜಾಬೀ, ಬಸ್ಸಿಳಿದು ನೇರ ಇಲ್ಲಿಗೇ ಬಂದ ನಾಗಭೂಷಣ್, ಮತ್ತು ನಡುವೆ ಸೂಜಿ, ಸ್ಪಿರಿಟ್ಟು, ಗಾಜಿನ ಪಟ್ಟಿಗಳನ್ನು ಜೋಡಿಸಿಕೊಂಡು ಕೂತ ಬಂಗಾರಪ್ಪನವರು.

"ಬರ್ರಿ, ಬರ್ರಿ, ಕೂಡ್ರಿ. ಕೈ ಕೊಡ್ರಿ." ಬಂಗಾರಪ್ಪನವರು ಅಂಗೈ ಮುಟ್ಟಿದರು, ಕಣ್ಣರಳಿಸಿದರು. "ಆಹಾಹಾ! ಏನ್ ಬಿಸಿ! ಚಳಿ ಆಗ್ತೈತೇನ್ರಿ?"

"ಇಲ್ಲ."

"ಒಂಚೂರು?"

"ಒಂಚೂರೂ ಇಲ್ಲ!"

ಬಂಗಾರಪ್ಪನವರ ಮುಖ ಸಣ್ಣದಾಯಿತು. ಚಳಿಯಿಲ್ಲದ ಬಿಸಿ ಅವರ ಇಲಾಖೆಗೆ ಸೇರಿದ್ದಲ್ಲ. ಆದರೆ ಮಾಲತೇಶಪ್ಪನ ಮುಖ ಅರಳಿತು. ಅವನು ಎದ್ದು ನಿಂತು, ಸತ್ತವರ ಮನೆಯಲ್ಲಿ ಮಾತಾಡುವಷ್ಟು ಮೆತ್ತಗೆ ಹೇಳಿದ.

"ಅಕ್ಕಾ, ಜ್ವರಾನೂ ಅಲ್ಲ ಅಂದ್ರ ಇದು ನರದ್ದು. ಮೊದಲು ಬೆರಳು ಮರಗಟ್ಟಿದ್ವು, ಈಗ ಸುಡಾಕತ್ತಾವೆ. ಇಂಥ ಕೈಯಾಗೆ ಗಾಡಿ ಕೊಡಬಾರದು. ನೀನು ಆವತ್ತು ಏನು ಹೇಳಿದ್ದೆ?" ಎನ್ನುತ್ತಾ ಭಾವನ ಕಿಸೆಯಿಂದ ಇಣುಕುತ್ತಿದ್ದ ಬೀಗದ ಕೈಗೆ ಕೈ ಹಾಕಿ ಎತ್ತಿಕೊಂಡೇಬಿಟ್ಟ.

"ನಾಳೆಯಿಂದ ಬಸ್ಸಿಗೆ ಬರ್ರಿ ಸಾರ್," ಎಂದ ನಾಗಭೂಷಣ್. ದನಿಯಲ್ಲಿ ಇಪ್ಪತ್ತೆರಡು ವರ್ಷದ ವಿನಯವಿತ್ತು. "ಕಿವಿಗೆ ಹತ್ತಿ ನಾವೇ ತಂದಿರ್ತೀವಿ."

ಕೆಂಚವೀರಪ್ಪನವರು ಕಂಬ ಹಿಡಿದು ಎದ್ದರು. ಇನ್ನು ಬಾಯಿ ಬಿಡದಿದ್ದರೆ ಗಾಡಿ ಹೋಗುತ್ತದೆ, ಬಿಟ್ಟರೆ ಮಾನ ಹೋಗುತ್ತದೆ. ಅವರು ಗಾಡಿಯನ್ನು ಆರಿಸಿಕೊಂಡರು.

"ಆಗ್ತೈತೆ ಕಣ್ರೀ!" ಎಂದು ಬೀದಿಯ ಕೊನೆಗೆ ಕೇಳುವಂತೆ ಕೂಗಿದರು. "ನನಗೆ ಚಳಿ ಆಗ್ತೈತೆ! ಕೆಟ್ಟ ಚಳಿ!"

ಎಲ್ಲರಿಗಿಂತ ಮೊದಲು ಚೇತರಿಸಿಕೊಂಡವರು ಬಂಗಾರಪ್ಪನವರು.

"ಹಂಗೆ ಹೇಳ್ರಿ ಮತ್ತೆ! ಕೈ ಬಿಸಿ ಐತೆ, ಒಳಗೆ ಚಳಿ ಐತೆ. ಇದು ಶುದ್ಧ ಚಳಿಜ್ವರ!" ಎಂದವರೇ ಬೆರಳು ಹಿಡಿದು ಸೂಜಿ ಇಳಿಸಿಯೇಬಿಟ್ಟರು.

"ಅಯ್ಯಯ್ಯೋ! ಜ್ವರ ಅಲ್ರೀ! ಚಳಿಗೆ ಅಂತ ಹ್ಯಾಂಡಲ್ಲಿಗೆ ಕರೆಂಟ್ ಕೊಡಿಸೀನಿ! ಹ್ಯಾಂಡಲ್ ಒಳಗೆ ಇಸ್ತ್ರಿ ಪೆಟ್ಟಿಗೆ ಐತೆ!"

ನಿರ್ಮಲಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು. "ಬಡಬಡಿಸಾಕತ್ತಾರೆ. ನೆತ್ತಿಗೇರೈತೆ."

"ಯಾ ಅಲ್ಲಾ," ಎಂದು ಖತೀಜಾಬೀ ಚೊಂಬನ್ನು ಕೆಳಗಿಟ್ಟರು.

"ನಾಲ್ಕು ಮಾತ್ರೆ. ನನ್ನ ಎದುರಿಗೇ ನುಂಗ್ರಿ," ಎಂದರು ಬಂಗಾರಪ್ಪನವರು. ಆ ಕಹಿ ಮಾತ್ರೆಗಳು ಒಂದೊಂದಾಗಿ ಗಂಟಲಿಳಿಯುತ್ತಿರುವಾಗ ಗೇಟಿನ ಹೊರಗೆ ಯೆಜ್ಡಿ ಚಾಲೂ ಆಯಿತು. ಮಾಲತೇಶಪ್ಪ ಹತ್ತು ವರ್ಷ ಕಾದವನು, ಇನ್ನು ಹತ್ತು ನಿಮಿಷ ಕಾಯುವ ಸಹನೆ ಅವನಿಗಿರಲಿಲ್ಲ. ಎದೆ ಸೆಟೆಸಿ, ಎರಡೂ ಹ್ಯಾಂಡಲ್ ಭದ್ರವಾಗಿ ಹಿಡಿದು, ಹೊಸದಾಗಿ ದೊರೆತ ಆಸ್ತಿಯನ್ನು ಬೀದಿಗೆಲ್ಲ ತೋರಿಸಿಕೊಂಡು ಬರಲು ಹೊರಟ.

"ಮಾಲತೇಶಾ, ಬ್ಯಾಡೋ!" ಎಂದು ಕೆಂಚವೀರಪ್ಪನವರು ಕೂಗಿದ್ದು ನಿಜ. ಮನುಷ್ಯತ್ವಕ್ಕೆ ಎಷ್ಟು ಸಾಕೋ ಅಷ್ಟು ಗಟ್ಟಿಯಾಗಿ, ಒಂದೇ ಸಲ ಕೂಗಿದರು.

ಬಂಗಾರಪ್ಪನವರು ಗಾಜಿನ ಪಟ್ಟಿಗೆ ಹೆಸರು ಬರೆದು, ಚಹಾ ಕುಡಿದು, ಪೆಟ್ಟಿಗೆ ಮುಚ್ಚುವ ಹೊತ್ತಿಗೆ ಮಾಲತೇಶಪ್ಪ ಮರಳಿ ಬಂದ. ಅಂಗಿಯ ಎರಡು ಚುಂಗುಗಳನ್ನು ಹ್ಯಾಂಡಲಿಗೆ ಸುತ್ತಿಕೊಂಡು, ಮುಖ ಕಿವುಚಿಕೊಂಡು, ಗೇಟಿಗೆ ಗಾಡಿ ಒರಗಿಸಿ ಜಗಲಿಗೆ ಓಡಿ ಬಂದು ಕೈ ಒದರಿದ. ಬಂಗಾರಪ್ಪನವರು ಗಾಳಿಯಲ್ಲೇ ಆ ಕೈಯನ್ನು ಹಿಡಿದರು.

"ಅಬ್ಬಬ್ಬಾ! ಇವರಿಗೂ ಬಂದೈತಲ್ರಿ!"

"ನಂಗೇನೂ ಬಂದಿಲ್ರೀ! ಬಿಡ್ರಿ! ಆ ಗಾಡಿ ಹ್ಯಾಂಡಲ್ ಸುಡ್ತೈತೆ! ಅದರೊಳಗೆ ಏನೋ ಐತೆ!"

ಬಂಗಾರಪ್ಪನವರು ಜಗಲಿಯವರ ಕಡೆ ತಿರುಗಿ, ಸೂಜಿಗೆ ಸ್ಪಿರಿಟ್ ಹಚ್ಚುತ್ತಾ ವಿವರಿಸಿದರು. "ನೋಡ್ರಿ, ಇಬ್ಬರೂ ಒಂದೇ ಮಾತು ಬಡಬಡಿಸ್ತಾರೆ. ಇಬ್ಬರಿಗೂ ಒಂದೇ ಸೊಳ್ಳೆ ಕಡಿದೈತೆ."

ಮಾಲತೇಶಪ್ಪನ ಕೂಗು ಹಿಂದಿನ ಬೀದಿಗೂ ಮುಟ್ಟಿತು. ಅವನು ನಾಲ್ಕನೆಯ ಮಾತ್ರೆಯೊಂದಿಗೆ ಹೋರಾಡುತ್ತಿರುವಾಗ ನಿರ್ಮಲಮ್ಮ ಮಾತ್ರ ಎದ್ದು ಗೇಟಿನ ಕಡೆ ನಡೆದರು. ಮೂವತ್ತು ವರ್ಷ ಹಂಚು, ಕಾವಲಿ, ಹಾಲಿನ ಪಾತ್ರೆ ಮುಟ್ಟಿದ ಕೈ ಅದು. ಹ್ಯಾಂಡಲಿನ ಮೇಲೆ ಕೈಯಿಟ್ಟು ಒಂದು ಕ್ಷಣ ನಿಂತರು, ಬಗ್ಗಿ ವಾಸನೆ ನೋಡಿದರು, ಟ್ಯಾಂಕಿನ ಕೆಳಗೆ ಕೈ ಹಾಕಿ ಕರಗಿದ ಸ್ವಿಚ್ಚನ್ನು ತಡವಿದರು. ಆಮೇಲೆ ಬೀಗದ ಕೈ ತಿರುಗಿಸಿ ತೆಗೆದುಕೊಂಡು ಗಂಡನ ಮುಂದೆ ಬಂದು ನಿಂತರು. ಸಿಟ್ಟಿಗೆ ಅವರ ಮೂಗಿನ ತುದಿ ಕೆಂಪಾಗಿತ್ತು, ಕಣ್ಣು ಮಾತ್ರ ಒದ್ದೆಯಾಗಿತ್ತು.

"ಎಂಟು ದಿನ ನಾನು ಮಜ್ಜಿಗೆ ಕುಡಿಸೀನಿ, ತಣ್ಣೀರು ಇಟ್ಟೀನಿ. ಒಂದು ಮಾತು ಚಳಿ ಅನ್ನಾಕೆ ಏನಾಗಿತ್ತು ನಿಮಗೆ?"

ಕೆಂಚವೀರಪ್ಪನವರು ಎರಡೂ ಕೈಗಳನ್ನು ಮತ್ತೆ ಕಂಕುಳಲ್ಲಿ ಇಟ್ಟುಕೊಂಡರು.

"ಅಕ್ಕಾ, ನನಗೆ ಆ ಗಾಡಿ ಬ್ಯಾಡ," ಎಂದ ಮಾಲತೇಶಪ್ಪ ಮೂಲೆಯಿಂದ, ನೀರು ಕುಡಿಯುತ್ತಾ. "ಅದು ಗಾಡಿ ಅಲ್ಲ, ಒಲೆ."

ನಾಗಭೂಷಣ್ ಗಂಟಲು ಸರಿಮಾಡಿಕೊಂಡ. ವಿಷಯ ಅವನಿಗೂ ಅರ್ಥವಾಗಿತ್ತು, ನಾಳೆ ಬಸ್ಸಿನಲ್ಲಿ ಹೇಳುವ ಕಥೆ ಆಗಲೇ ಬಾಯಲ್ಲಿ ತಯಾರಾಗುತ್ತಿತ್ತು. "ಹಂಗಾರೆ ಚಳಿ ಆಗ್ತೈತೆ ಅಂತ ಒಪ್ಕೊಂಡಂಗೆ ಆತಲ್ರಿ ಸಾರ್? ನಾಲ್ಕು ಜನರ ಎದುರಿಗೆ?"

ಎಲ್ಲರೂ ಕೆಂಚವೀರಪ್ಪನವರ ಮುಖ ನೋಡಿದರು. ಅವರು ಚುಚ್ಚಿಸಿಕೊಂಡ ಬೆರಳಿನ ಹತ್ತಿಯನ್ನು ಕಿತ್ತು ಎಸೆದರು. ಜಗಲಿಯ ಮೆಟ್ಟಿಲಿಳಿದು ನಾಗಭೂಷಣನ ಎದುರು ಹೋಗಿ ನಿಂತರು.

"ಒಪ್ಕೊಂಡೀನಿ. ಬಸ್ಸಿನ ಐವತ್ತು ಜನಕ್ಕೂ ಹೇಳು ಹೋಗು. ಈ ಕೆಂಚವೀರಪ್ಪಗೆ ಚಳಿ ಆಗ್ತೈತೆ, ಇವತ್ತೂ ಆಗ್ತೈತೆ, ನಾಳೆ ಬೆಳಿಗ್ಗೆ ಐದಕ್ಕೆ ಇನ್ನೂ ಜಾಸ್ತಿ ಆಗ್ತೈತೆ. ಆಗ್ಲಿ. ನಡುಗಿಕೋತಲೇ ಗಾಡಿ ಮ್ಯಾಲೆ ಬರ್ತೀನಿ. ಏನೀಗ?"

ನಿರ್ಮಲಮ್ಮ ಗಂಡನ ಕೆಂಪು ಅಂಗೈಯನ್ನು ಬಿಡಿಸಿ, ಬೀಗದ ಕೈಯನ್ನು ಅದರೊಳಗಿಟ್ಟು, ಬೆರಳುಗಳನ್ನು ತಾವೇ ಒಂದೊಂದಾಗಿ ಮಡಚಿದರು.